ಬೂಷ್ಟು ಸತ್ತರೂ ವಿಷ ಸಾಯುವುದಿಲ್ಲ: ಮುಗ್ಗಿದ ಕಾಳು ಕಿಡ್ನಿಯ ಜೀವಕೋಶಕ್ಕೆ ಮಾಡುವುದೇನು?

ರಾಶಿಯ ಹೊತ್ತಿಗೆ ಮಳೆ ಹಿಡಿದುಕೊಂಡ ವರ್ಷ ಬೆಳಗಾವಿ, ಬಾಗಲಕೋಟೆ ಕಡೆ ಗೋವಿನಜೋಳ, ಮುಂಗಾರಿ ಜೋಳ ತೆನೆಯಲ್ಲೇ ಮುಗ್ಗಲು ಹಿಡಿಯುತ್ತವೆ. ಹೇಗೋ ರಾಶಿ ಮಾಡಿ, ರಸ್ತೆ ಮಗ್ಗುಲಿಗೆ ಹರವಿ, ನಾಲ್ಕು ಬಿಸಿಲು ಕೊಟ್ಟು ಚೀಲ ತುಂಬಿದ ಮೇಲೆ ನೋಡಿದರೆ ಕಾಳಿಗೆ ಅಂಥದ್ದೇನೂ ಆದಂತೆ ಕಾಣುವುದಿಲ್ಲ. ಮೇಲಿನ ಬೂದು-ಹಸಿರು ಪುಡಿ ಉದುರಿಹೋಗಿರುತ್ತದೆ. ಕೈ ಹಾಕಿ ಮೂಗಿಗೆ ಹಿಡಿದರೆ ಸ್ವಲ್ಪ ಮುಗ್ಗು ವಾಸನೆ ಬರುತ್ತದೆ, ಅಷ್ಟೆ. ಗಿರಣಿ ಮುಂದೆ ಡಬ್ಬಿ ಇಟ್ಟುಕೊಂಡು ನಿಂತಾಗ ಕೇಳಿಬರುವ ಮಾತು ಎಲ್ಲರಿಗೂ ಗೊತ್ತು: "ಬಿಸಿಲಿಗಿ ಹಾಕೇವ್ರಿ ಅಕ್ಕಾರ, ಬೀಸಿ ರೊಟ್ಟಿ ಸುಟ್ರ ಎಲ್ಲಾ ಹೋಗತೈತಿ."

ಹೋಗುವುದಿಲ್ಲ. ಬಿಸಿಲಿಗೆ, ಬೆಂಕಿಗೆ ಸಾಯುವುದು ಬೂಷ್ಟು. ಅದು ಜೀವಂತ ಇದ್ದಾಗ ಕಾಳಿನೊಳಗೆ ಬಿಟ್ಟುಹೋದ ವಿಷ ಒಂದು ರಾಸಾಯನಿಕ ವಸ್ತು. ಅದಕ್ಕೆ ಜೀವವಿಲ್ಲ, ಹಾಗಾಗಿ ಸಾಯುವ ಪ್ರಶ್ನೆಯೇ ಇಲ್ಲ. ಹಂಚು ಎಷ್ಟೇ ಕಾದಿದ್ದರೂ ರೊಟ್ಟಿಯೊಳಗೆ ತೇವ ಇರುವಷ್ಟು ಹೊತ್ತು ಅಲ್ಲಿನ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ, ಈ ವಿಷಗಳು ಅದಕ್ಕೆ ಜಗ್ಗುವುದಿಲ್ಲ. ಕಾಫಿ ಬೀಜವನ್ನು 200 ಡಿಗ್ರಿ ದಾಟಿಸಿ ಹುರಿದಾಗಲೂ ಅವುಗಳಲ್ಲಿ ಒಂದು ಪಾಲು ಮಾತ್ರ ನಾಶವಾಗುತ್ತದೆ. ತೊಳೆಯುವುದರಿಂದ ಮೇಲಿನ ಧೂಳು ಹೋಗುತ್ತದೆ, ಕಾಳಿನೊಳಕ್ಕೆ ಇಳಿದದ್ದು ಅಲ್ಲೇ ಉಳಿಯುತ್ತದೆ.

ಇಂಥ ವಿಷಗಳಲ್ಲಿ ಹೆಸರು ಮಾಡಿದ್ದು ಅಫ್ಲಾಟಾಕ್ಸಿನ್. 1960ರಲ್ಲಿ ಇಂಗ್ಲೆಂಡಿನಲ್ಲಿ, ಎಣ್ಣೆ ತೆಗೆದ ಮೇಲೆ ಉಳಿಯುವ ಶೇಂಗಾ ಹಿಂಡಿ ತಿಂದ ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತಾಗ ಅದು ಬೆಳಕಿಗೆ ಬಂತು. 1974ರಲ್ಲಿ ಗುಜರಾತ್ ಮತ್ತು ರಾಜಸ್ಥಾನದ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಗೋವಿನಜೋಳ ತಿಂದು ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಅಫ್ಲಾಟಾಕ್ಸಿನ್ ಮುಖ್ಯವಾಗಿ ಯಕೃತ್ತಿನ ಶತ್ರು, ಅದರ ಬಗ್ಗೆ ಅಷ್ಟಿಷ್ಟು ಮಾತು ನಡೆಯುತ್ತದೆ. ಕಿಡ್ನಿಯನ್ನೇ ಗುರಿ ಮಾಡಿಕೊಳ್ಳುವ ಇನ್ನೊಂದು ವಿಷದ ಹೆಸರನ್ನು ಮಾತ್ರ ನಮ್ಮ ಕಡೆ ಕೇಳಿದವರೇ ಕಡಿಮೆ. ಅದು ಓಕ್ರಟಾಕ್ಸಿನ್ ಎ. ಈ ಲೇಖನದ ಬಹುಪಾಲು ಅದರದ್ದೇ.

1965ರಲ್ಲಿ ದಕ್ಷಿಣ ಆಫ್ರಿಕಾದ ವಿಜ್ಞಾನಿಗಳು ಆಸ್ಪರ್ಜಿಲಸ್ ಓಕ್ರೇಸಿಯಸ್ ಎಂಬ ಬೂಷ್ಟಿನಿಂದ ಇದನ್ನು ಬೇರ್ಪಡಿಸಿದರು. ತಂಪು ದೇಶಗಳ ಧಾನ್ಯದಲ್ಲಿ ಇದನ್ನು ತಯಾರಿಸುವುದು ಪೆನಿಸಿಲಿಯಂ ಜಾತಿಯ ಬೂಷ್ಟು. ಬಿಸಿ ಸೀಮೆಯಲ್ಲಿ ಆ ಕೆಲಸ ಆಸ್ಪರ್ಜಿಲಸ್ ಜಾತಿಯದ್ದು. ಧಾನ್ಯ, ಒಣಮೆಣಸಿನಕಾಯಿ, ಕಾಫಿ, ಒಣದ್ರಾಕ್ಷಿ, ಇವೆಲ್ಲ ಅದಕ್ಕೆ ಒಗ್ಗುವ ಪದಾರ್ಥಗಳು. ನಮ್ಮ ಅಡುಗೆಮನೆಯ ಅರ್ಧ ಡಬ್ಬಿಗಳು ಈ ಪಟ್ಟಿಯೊಳಗೆ ಬಂದವು ಎಂದೇ ಲೆಕ್ಕ.

ಇನ್ನು ಕಿಡ್ನಿಯ ಕಡೆ ಬರೋಣ. ಒಂದೊಂದು ಕಿಡ್ನಿಯಲ್ಲಿ ಸುಮಾರು ಹತ್ತು ಲಕ್ಷ ನೆಫ್ರಾನ್‌ಗಳಿವೆ. ನೆಫ್ರಾನ್ ಎಂದರೆ ಒಂದು ಸೋಸುವ ಗೊಂಚಲು, ಅದರ ಹಿಂದೆ ಸುತ್ತಿಕೊಂಡ ಒಂದು ಸಣ್ಣ ನಳಿಕೆ. ಎರಡೂ ಕಿಡ್ನಿ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಮೂತ್ರವಾಗಿ ಹೊರಗೆ ಹೋಗುವುದು ಒಂದೂವರೆ, ಎರಡು ಲೀಟರ್ ಮಾತ್ರ. ಉಳಿದದ್ದನ್ನೆಲ್ಲ ನಳಿಕೆಯ ಗೋಡೆಯ ಜೀವಕೋಶಗಳು ಮರಳಿ ರಕ್ತಕ್ಕೆ ಸೇರಿಸುತ್ತವೆ. ಕಾಳು ಹಸನು ಮಾಡುವ ಹೆಂಗಸು ಕಸ ಹುಡುಕುವುದಕ್ಕಿಂತ ಮೊದಲು ಎಲ್ಲವನ್ನೂ ಮೊರದಲ್ಲಿ ಸುರಿದುಕೊಂಡು, ಒಳ್ಳೆಯ ಕಾಳನ್ನು ಈ ಕಡೆ ಎಳೆದುಕೊಳ್ಳುತ್ತಾಳಲ್ಲ, ಕಿಡ್ನಿಯ ರೀತಿಯೂ ಅದೇ. ಈ ದುಡಿಮೆಯ ಮೂರನೇ ಎರಡು ಪಾಲು ನಡೆಯುವುದು ನಳಿಕೆಯ ಮೊದಲ ತಿರುವುಗಳಲ್ಲಿ. ಅಲ್ಲಿನ ಜೀವಕೋಶಗಳ ಮೈಮೇಲೆ ಮಖಮಲ್ಲಿನಂಥ ಸೂಕ್ಷ್ಮ ಕುಚ್ಚು, ಒಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾಗಳು ಕಿಕ್ಕಿರಿದಿರುತ್ತವೆ. ಹಗಲು ರಾತ್ರಿ ನಿಲ್ಲದ ದುಡಿಮೆ ಅವುಗಳದ್ದು. ಓಕ್ರಟಾಕ್ಸಿನ್ ಹೊಡೆಯುವುದು ಇವನ್ನೇ.

ಏಕೆ ಇವನ್ನೇ? ಹೊಟ್ಟೆಯಿಂದ ರಕ್ತಕ್ಕೆ ಬಂದ ಓಕ್ರಟಾಕ್ಸಿನ್ ಅಲ್ಬುಮಿನ್ ಎಂಬ ಪ್ರೋಟೀನಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಶೇ 99ಕ್ಕಿಂತ ಹೆಚ್ಚು ಪಾಲು ಹೀಗೆ ಅಂಟಿಕೊಂಡೇ ತಿರುಗುತ್ತಿರುತ್ತದೆ. ಅಲ್ಬುಮಿನ್ ದೊಡ್ಡ ಅಣು. ಸೋಸುವ ಗೊಂಚಲು ಅದನ್ನು ಆಚೆ ಬಿಡುವುದಿಲ್ಲ, ಅದರ ಜೊತೆಗಿರುವ ವಿಷವೂ ಮೂತ್ರಕ್ಕೆ ಸುಲಭವಾಗಿ ಇಳಿಯುವುದಿಲ್ಲ. ಹಾಗಾದರೆ ನಳಿಕೆಯ ಕೋಶಗಳು ಬಚಾವಾಗಬೇಕಿತ್ತು. ಆದರೆ ಆ ಕೋಶಗಳಿಗೆ ಇನ್ನೊಂದು ಮಗ್ಗುಲಿದೆ, ರಕ್ತನಾಳದ ಕಡೆಯದ್ದು. ಔಷಧಿಗಳ ಅಳಿದುಳಿದದ್ದನ್ನು, ಮೈಯ ಕೆಲವು ಆಮ್ಲಗಳನ್ನು ರಕ್ತದಿಂದ ಹಿಡಿದೆಳೆದು ಮೂತ್ರಕ್ಕೆ ದಾಟಿಸಲೆಂದೇ ಅಲ್ಲಿ ಓಎಟಿ1, ಓಎಟಿ3 ಎಂಬ ಸಾಗಣೆ ಪ್ರೋಟೀನುಗಳಿವೆ. ಓಕ್ರಟಾಕ್ಸಿನ್ ಅವುಗಳಿಗೆ ಅಂಥದ್ದೇ ಆಮ್ಲದಂತೆ ಕಾಣುತ್ತದೆ. ಅಲ್ಬುಮಿನ್ ಬಿಟ್ಟುಕೊಟ್ಟ ಒಂದೊಂದು ಅಣುವನ್ನೂ ಅವು ಹಿಡಿದು ಒಳಗೆ ಹಾಕಿಕೊಳ್ಳುತ್ತವೆ. ಮೂತ್ರಕ್ಕೆ ದಾಟಿದ ಸ್ವಲ್ಪವನ್ನೂ ನಳಿಕೆ ಮರಳಿ ಹೀರಿಕೊಳ್ಳುತ್ತದೆ. ಮೈ ಶುಚಿ ಮಾಡಲು ಇರುವ ಏರ್ಪಾಡೇ ವಿಷವನ್ನು ಒಂದೆಡೆ ಗುಡ್ಡೆ ಹಾಕುತ್ತದೆ.

ಈ ಹಿಡಿತ ಎಷ್ಟು ಬಿಗಿ ಎಂದರೆ, ಮನುಷ್ಯನ ರಕ್ತದಲ್ಲಿ ಓಕ್ರಟಾಕ್ಸಿನ್ ಅರ್ಧಕ್ಕೆ ಇಳಿಯಲು ಸುಮಾರು 35 ದಿನ ಬೇಕು. ಇವತ್ತು ತಿಂದದ್ದರ ಕಾಲು ಪಾಲು ಎರಡು ತಿಂಗಳು ಕಳೆದರೂ ಮೈಯಲ್ಲೇ ಇರುತ್ತದೆ. ಒಮ್ಮೆ ತಿಂದು ಬಿಟ್ಟವರಿಗಿಂತ, ಸ್ವಲ್ಪವೇ ಆದರೂ ಅದೇ ಚೀಲದ ಕಾಳನ್ನು ದಿನವೂ ಉಂಡವರ ಬಗ್ಗೆ ನನಗೆ ಹೆಚ್ಚು ಆತಂಕ. ನಮ್ಮಲ್ಲಿ ಒಂದು ವರ್ಷಕ್ಕಾಗುವಷ್ಟು ಜೋಳ ತುಂಬಿಡುವ ಮನೆಗಳು ಇಂದಿಗೂ ಬಹಳ.

ಕೋಶದೊಳಗೆ ಹೋದ ಮೇಲೆ ಅದು ಹಲವು ಕಡೆ ಕೈಯಾಡಿಸುತ್ತದೆ. ಓಕ್ರಟಾಕ್ಸಿನ್ ಅಣುವಿನ ಒಂದು ತುದಿಯಲ್ಲಿ ಫಿನೈಲಲನೀನ್ ಎಂಬ ಅಮೈನೋ ಆಮ್ಲವೇ ಜೋಡಣೆಯಾಗಿದೆ. ಪ್ರೋಟೀನ್ ಕಟ್ಟುವಾಗ ಫಿನೈಲಲನೀನನ್ನು ಅದರ ಜಾಗಕ್ಕೆ ತಂದುಕೊಡುವ ಕಿಣ್ವ ಈ ವೇಷಕ್ಕೆ ಮೋಸಹೋಗುತ್ತದೆ, ಪ್ರೋಟೀನ್ ತಯಾರಿಕೆ ಕುಂಟುತ್ತದೆ. ಮೈಟೊಕಾಂಡ್ರಿಯಾಗಳ ಕೆಲಸ ಕೆಡುತ್ತದೆ. ಕೋಶವನ್ನು ಒಳಗಿಂದ ಸುಡುವ ಆಕ್ಸಿಜನ್ ಸಂಯುಕ್ತಗಳು ಹೆಚ್ಚುತ್ತವೆ, ಅವನ್ನು ತಣಿಸುವ ಗ್ಲುಟಾಥಯೋನ್‌ನಂಥ ರಕ್ಷಕಗಳು ಕಡಿಮೆಯಾಗುತ್ತವೆ. ವಿಷದ ಪ್ರಮಾಣ ಹೆಚ್ಚಿದ್ದರೆ ಕೋಶ ತನ್ನನ್ನು ತಾನೇ ಮುಗಿಸಿಕೊಳ್ಳುವ ಕ್ರಮಕ್ಕೆ ಇಳಿಯುತ್ತದೆ. ಕಡಿಮೆ ಇದ್ದು ಬಹಳ ಕಾಲ ನಡೆದರೆ ಇನ್ನೊಂದು ಬಗೆಯ ಹಾನಿ: ಕೋಶ ಸಾಯುವುದಿಲ್ಲ, ಆದರೆ ತನ್ನ ಕುಚ್ಚು ಕಳೆದುಕೊಂಡು, ಅಕ್ಕಪಕ್ಕದವುಗಳ ಜೊತೆಗಿನ ಬಿಗಿಯಾದ ಬೆಸುಗೆ ಸಡಿಲ ಮಾಡಿಕೊಂಡು, ನಾರು ಉತ್ಪತ್ತಿ ಮಾಡುವ ಸ್ವಭಾವಕ್ಕೆ ತಿರುಗುತ್ತದೆ. ನಾರು ತುಂಬಿದ ಕಿಡ್ನಿ ಗಟ್ಟಿಯಾಗಿ ಕುಗ್ಗುತ್ತದೆ.

ಇದನ್ನೆಲ್ಲ ತಿಳಿದದ್ದು ಹೇಗೆ? ಪ್ರಯೋಗಾಲಯದಲ್ಲಿ ಬೆಳೆಸಿದ ಮನುಷ್ಯರ ಕಿಡ್ನಿ ಕೋಶಗಳಿಂದ ಮತ್ತು ಪ್ರಾಣಿಗಳಿಂದ. ಹೆಚ್ಚು ಬಳಕೆಯಲ್ಲಿರುವ ಕೋಶಗಳಿಗೆ ಎಚ್‌ಕೆ-2 ಎಂದು ಹೆಸರು. ಆರೋಗ್ಯವಂತ ವಯಸ್ಕನೊಬ್ಬನ ಕಿಡ್ನಿ ನಳಿಕೆಯಿಂದ ತೆಗೆದ ಕೋಶಗಳಿಗೆ ವೈರಸ್ಸಿನ ವಂಶವಾಹಿ ಸೇರಿಸಿ, ಅವು ತಟ್ಟೆಯಲ್ಲಿ ಬೆಳೆಯುತ್ತಲೇ ಇರುವಂತೆ ಮಾಡಲಾಗಿದೆ. 1994ರಿಂದ ಇವು ಜಗತ್ತಿನ ಅನೇಕ ಪ್ರಯೋಗಾಲಯಗಳಲ್ಲಿವೆ.

ಪ್ರಯೋಗ ನೋಡಲು ಸರಳ. ಅಂಗೈ ಮೇಲೆ ಕೂರುವ ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ ಸಾಲಾಗಿ 96 ಕುಳಿಗಳು. ಒಂದೊಂದರಲ್ಲಿ ಕೆಲವು ಸಾವಿರ ಕೋಶಗಳನ್ನು ಗುಲಾಬಿ ಬಣ್ಣದ ಪೋಷಕ ದ್ರವದಲ್ಲಿ ಬಿಟ್ಟು 37 ಡಿಗ್ರಿ ಬಿಸಿಯ ಪೆಟ್ಟಿಗೆಯಲ್ಲಿಡುತ್ತಾರೆ. ಮಾರನೆಯ ದಿನ ಮೊದಲ ಸಾಲಿಗೆ ಏನೂ ಹಾಕುವುದಿಲ್ಲ, ಮುಂದಿನ ಸಾಲುಗಳಿಗೆ ವಿಷವನ್ನು ಹಂತಹಂತವಾಗಿ ಏರಿಸುತ್ತ ಹೋಗುತ್ತಾರೆ. ಒಂದೆರಡು ದಿನ ಬಿಟ್ಟು ಎಂಟಿಟಿ ಎಂಬ ಹಳದಿ ದ್ರಾವಣ ಹನಿಸುತ್ತಾರೆ. ಬದುಕಿರುವ ಕೋಶ ಅದನ್ನು ತನ್ನೊಳಗೆ ನೇರಳೆ ಹರಳಾಗಿ ಮಾರ್ಪಡಿಸುತ್ತದೆ, ಸತ್ತ ಕೋಶಕ್ಕೆ ಆ ತಾಕತ್ತಿಲ್ಲ. ಹರಳು ಕರಗಿಸಿದಾಗ ಮೊದಲ ಸಾಲು ನೇರಳೆ ಹಣ್ಣಿನ ಬಣ್ಣ, ಮುಂದೆ ಹೋದಂತೆ ತೆಳು, ಕೊನೆಯ ಸಾಲಿನಲ್ಲಿ ಬರೀ ಹಳದಿ ನೀರು. ಎಷ್ಟು ವಿಷಕ್ಕೆ ಎಷ್ಟು ಕೋಶ ಉಳಿದವು ಎಂಬುದನ್ನು ಯಂತ್ರ ಆ ಬಣ್ಣದಿಂದಲೇ ಅಳೆದು ಹೇಳುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು, ಏಕೆಂದರೆ ಇಂಥ ಪ್ರಯೋಗದ ಸುದ್ದಿ ಮೊಬೈಲಿಗೆ ಬರುವಾಗ ಅರ್ಧ ಸತ್ಯವಾಗಿಯೇ ಬರುತ್ತದೆ. ಹಲವು ದೇಶಗಳಲ್ಲಿ ಆರೋಗ್ಯವಂತರ ರಕ್ತ ಪರೀಕ್ಷಿಸಿದಾಗ ಓಕ್ರಟಾಕ್ಸಿನ್ ಸಾಮಾನ್ಯವಾಗಿ ಸಿಕ್ಕಿದ್ದು ಮಿಲಿಲೀಟರಿಗೆ ಒಂದು ನ್ಯಾನೋಗ್ರಾಂ ಆಸುಪಾಸು, ಇಲ್ಲವೇ ಅದಕ್ಕೂ ಕಡಿಮೆ. ತಟ್ಟೆಯ ಪ್ರಯೋಗದಲ್ಲಿ ಬಳಸುವ ಒಂದು ಮೈಕ್ರೋಮೋಲಾರ್ ಎಂದರೆ ಮಿಲಿಲೀಟರಿಗೆ 400 ನ್ಯಾನೋಗ್ರಾಂ. ಎಷ್ಟೋ ಪ್ರಯೋಗಗಳಲ್ಲಿ ಅದರ ಹತ್ತಿಪ್ಪತ್ತು ಪಟ್ಟು ಹಾಕಿರುತ್ತಾರೆ. ರಕ್ತದಲ್ಲಿರುವಷ್ಟು ಅಲ್ಬುಮಿನ್ ತಟ್ಟೆಯಲ್ಲಿ ಇಲ್ಲದ ಕಾರಣ ವಿಷವೆಲ್ಲ ಬಿಡಿಯಾಗಿ ಕೋಶಕ್ಕೆ ಸಿಗುತ್ತದೆ. ಇದಕ್ಕೆ ತದ್ವಿರುದ್ಧವಾದ ಕೊರತೆಯೂ ಇದೆ: ಎಚ್‌ಕೆ-2 ಕೋಶಗಳಲ್ಲಿ ಓಎಟಿ1, ಓಎಟಿ3 ಬಹುಮಟ್ಟಿಗೆ ಅಳಿಸಿಹೋಗಿವೆ. ನಿಜವಾದ ಕಿಡ್ನಿ ಎಷ್ಟು ಆಸೆಯಿಂದ ಈ ವಿಷವನ್ನು ಎಳೆದುಕೊಳ್ಳುತ್ತದೆ ಎಂಬುದು ಆ ತಟ್ಟೆಯಲ್ಲಿ ಕಾಣುವುದೇ ಇಲ್ಲ. ತಟ್ಟೆಯ ಪ್ರಯೋಗ ವಿಷ ಯಾವ ದಾರಿಯಲ್ಲಿ ಕೆಡಿಸುತ್ತದೆ ಎಂದು ತೋರಿಸುತ್ತದೆ. ಎಷ್ಟು ರೊಟ್ಟಿ ತಿಂದರೆ ಏನಾಗುತ್ತದೆ ಎಂಬ ಲೆಕ್ಕವನ್ನು ಅದರಿಂದ ನೇರವಾಗಿ ತೆಗೆಯಬಾರದು.

ಪ್ರಾಣಿಗಳ ಸಾಕ್ಷ್ಯ ಇದಕ್ಕಿಂತ ಗಟ್ಟಿ. ಡೆನ್ಮಾರ್ಕಿನಲ್ಲಿ ಬೂಷ್ಟು ಹಿಡಿದ ಬಾರ್ಲಿ ತಿಂದ ಹಂದಿಗಳ ಕಿಡ್ನಿ ಊದಿ, ಬಿಳಿಚಿಕೊಂಡು, ನಾರುಗಟ್ಟಿದ್ದನ್ನು ಕಸಾಯಿಖಾನೆಯಲ್ಲೇ ಗುರುತಿಸುತ್ತಿದ್ದರು. 1970ರ ದಶಕದಲ್ಲಿ ಅದಕ್ಕೆ ಓಕ್ರಟಾಕ್ಸಿನ್ನೇ ಕಾರಣವೆಂದು ಸಾಬೀತಾಯಿತು. ಇಲಿಗಳಿಗೆ ಎರಡು ವರ್ಷ ತಿನ್ನಿಸಿದಾಗ ಕಿಡ್ನಿಯಲ್ಲಿ ಗಡ್ಡೆಗಳಾದವು, ಅದೂ ಗಂಡು ಇಲಿಗಳಲ್ಲಿ ಹೆಚ್ಚು. ಈ ಆಧಾರದ ಮೇಲೆ 1993ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ಮನುಷ್ಯರಲ್ಲಿಯೂ ಕ್ಯಾನ್ಸರ್ ತರಬಹುದಾದ ವಸ್ತುಗಳ 2ಬಿ ಗುಂಪಿಗೆ ಸೇರಿಸಿತು.

ಮನುಷ್ಯರ ವಿಷಯದಲ್ಲಿ ಪುರಾವೆ ಅಷ್ಟು ನೇರವಾಗಿಲ್ಲ. ಡ್ಯಾನ್ಯೂಬ್ ನದಿಯ ಉಪನದಿಗಳ ದಂಡೆಯ ಹಳ್ಳಿಗಳಲ್ಲಿ, ಬಲ್ಗೇರಿಯಾ, ಸರ್ಬಿಯಾ, ಕ್ರೊಯೇಷಿಯಾ ಕಡೆ, ತಲೆಮಾರುಗಳಿಂದ ರೈತರ ಕಿಡ್ನಿ ಕೆಡುತ್ತಿತ್ತು. ಡೆನ್ಮಾರ್ಕಿನ ಹಂದಿಗಳನ್ನು ನೋಡಿದವರು ಇದೂ ಓಕ್ರಟಾಕ್ಸಿನ್ ಕೆಲಸವೇ ಎಂದು ದಶಕಗಳ ಕಾಲ ನಂಬಿದ್ದರು. 2007ರ ಹೊತ್ತಿಗೆ ಬೇರೊಂದು ಸತ್ಯ ಹೊರಬಿತ್ತು: ಗೋಧಿ ಹೊಲದ ಕಳೆಗಿಡವೊಂದರ ಬೀಜ ಹಿಟ್ಟಿನಲ್ಲಿ ಬೆರೆತು, ಅದರ ಅರಿಸ್ಟೊಲೊಕಿಕ್ ಆಮ್ಲ ಕಿಡ್ನಿ ಕೆಡಿಸುತ್ತಿತ್ತು. ಈಗ ಮುಖ್ಯ ಆರೋಪಿ ಅದೇ. ಇಷ್ಟಾದರೂ ಓಕ್ರಟಾಕ್ಸಿನ್ ಪೂರ್ತಿ ಖುಲಾಸೆಯಾಯಿತು ಎಂದು ನಾನು ತಿಳಿಯುವುದಿಲ್ಲ. ಆ ಒಂದು ಕಾಯಿಲೆಯ ಹೊಣೆ ಇಳಿದಿದೆ, ಹಂದಿಯ ಕಿಡ್ನಿ, ಇಲಿಯ ಗಡ್ಡೆ, ತಟ್ಟೆಯ ಕೋಶ ಹೇಳಿದ್ದು ಹಾಗೆಯೇ ಇದೆ.

ಪ್ರಮಾಣದ ಲೆಕ್ಕ ಮಾಡಿದರೆ ನಮ್ಮ ಸೀಮೆಗೆ ಇದು ಏಕೆ ಮುಖ್ಯ ಎಂಬುದು ತಿಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಆಹಾರ-ಕೃಷಿ ಸಂಸ್ಥೆಯ ಜಂಟಿ ತಜ್ಞರ ಸಮಿತಿ ಹಾಕಿದ ಮಿತಿ, ವಾರಕ್ಕೆ ಮೈತೂಕದ ಪ್ರತಿ ಕಿಲೋಗೆ 100 ನ್ಯಾನೋಗ್ರಾಂ. 60 ಕಿಲೋ ತೂಕದವರಿಗೆ ಅದು ವಾರಕ್ಕೆ 6 ಮೈಕ್ರೋಗ್ರಾಂ (ಸಾವಿರ ನ್ಯಾನೋಗ್ರಾಂ ಸೇರಿದರೆ ಒಂದು ಮೈಕ್ರೋಗ್ರಾಂ). ಭಾರತದ ಆಹಾರ ಸುರಕ್ಷತಾ ನಿಯಮ ಗೋಧಿ, ಬಾರ್ಲಿಗಳಲ್ಲಿ ಕಿಲೋಗೆ 20 ಮೈಕ್ರೋಗ್ರಾಂವರೆಗೆ ಒಪ್ಪುತ್ತದೆ. ಎರಡು ಹೊತ್ತು ರೊಟ್ಟಿ ಉಣ್ಣುವವರಿಗೆ ದಿನಕ್ಕೆ 300 ಗ್ರಾಂ ಹಿಟ್ಟು ಏನೂ ಹೆಚ್ಚಲ್ಲ. ಆ ಹಿಟ್ಟಿನಲ್ಲಿ 20ರ ಮಟ್ಟದ ವಿಷ ಇದ್ದದ್ದೇ ಆದರೆ ಒಂದು ದಿನದ ಊಟದಲ್ಲಿ 6 ಮೈಕ್ರೋಗ್ರಾಂ, ಅಂದರೆ ಇಡೀ ವಾರದ ಪಾಲು. ಒಳ್ಳೆಯ ಧಾನ್ಯದಲ್ಲಿ ಅಷ್ಟಿರುವುದಿಲ್ಲ ಎಂಬುದು ನಿಜ. ಆದರೆ ಒಂದೇ ಧಾನ್ಯವನ್ನು ನೆಚ್ಚಿಕೊಂಡ ಮನೆಯಲ್ಲಿ ಒಂದು ಚೀಲ ಕೆಟ್ಟರೂ ತಿಂಗಳುಗಟ್ಟಲೆ ತಿನ್ನುವುದು ಅದನ್ನೇ. ಮಕ್ಕಳು ಮೈತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಹೆಚ್ಚು ತಿನ್ನುತ್ತಾರೆ, ಅವರ ಲೆಕ್ಕ ಇನ್ನೂ ಬಿಗಿ.

ಕಿಡ್ನಿ ಬೇಗ ದೂರು ಹೇಳುವ ಅಂಗವೂ ಅಲ್ಲ. ಅದರ ಸ್ಥಿತಿ ತಿಳಿಯಲು ರಕ್ತದಲ್ಲಿ ಅಳೆಯುವ ಕ್ರಿಯಾಟಿನಿನ್, ಕಿಡ್ನಿಯ ಶಕ್ತಿ ಅರ್ಧಕ್ಕೆ ಬರುವವರೆಗೂ ಸರಿಯಾಗಿಯೇ ಇದ್ದಂತೆ ಕಾಣಬಹುದು. ಸಕ್ಕರೆ ಕಾಯಿಲೆ, ಬಿಪಿ, ಮೈಕೈ ನೋವಿಗೆಂದು ದಿನವೂ ನುಂಗುವ ಮಾತ್ರೆಗಳು ಕಿಡ್ನಿಯನ್ನು ಮೊದಲೇ ದಣಿಸಿರುತ್ತವೆ. ಬೂಷ್ಟು ಕೂಡ ಒಂದೇ ವಿಷ ಬಿಡುವುದಿಲ್ಲ. ಓಕ್ರಟಾಕ್ಸಿನ್ ಇದ್ದ ಧಾನ್ಯದಲ್ಲಿ ಎಷ್ಟೋ ಸಲ ಸಿಟ್ರಿನಿನ್ ಎಂಬ ಇನ್ನೊಂದು ಕಿಡ್ನಿ ವಿಷವೂ ಸಿಗುತ್ತದೆ. ಗೋವಿನಜೋಳದಲ್ಲಿ ಫ್ಯುಸೇರಿಯಂ ಬೂಷ್ಟು ಬಿಡುವ ಫ್ಯುಮೊನಿಸಿನ್ ಕೋಶದ ಪೊರೆಗೆ ಬೇಕಾದ ಕೊಬ್ಬಿನ ತಯಾರಿಕೆಯನ್ನೇ ತಡೆಯುತ್ತದೆ, ಇಲಿಗಳಲ್ಲಿ ಅದೂ ಕಿಡ್ನಿಗೆ ಪೆಟ್ಟು ಕೊಟ್ಟಿದೆ. 1995ರಲ್ಲಿ ದಖ್ಖನ್ ಪ್ರಸ್ಥಭೂಮಿಯ ಕೆಲವು ಹಳ್ಳಿಗಳಲ್ಲಿ ಮಳೆಗೆ ನೆನೆದು ಬೂಷ್ಟು ಹಿಡಿದ ಜೋಳ, ಗೋವಿನಜೋಳದ ರೊಟ್ಟಿ ತಿಂದವರಿಗೆ ಹೊಟ್ಟೆನೋವು, ಹೊಟ್ಟೆ ಗುಡುಗುಡು, ಭೇದಿ ಹತ್ತಿತ್ತು. ಆ ಕಾಳಿನಲ್ಲಿ ಸಿಕ್ಕಿದ್ದು ಫ್ಯುಮೊನಿಸಿನ್. ಜೋಳದ ರೊಟ್ಟಿಗೂ ಈ ಮಾತಿಗೂ ಸಂಬಂಧವಿಲ್ಲ ಎನ್ನುವವರಿಗೆ ಈ ಘಟನೆ ಗೊತ್ತಿರಲಿ.

ನಮ್ಮ ಹಿರಿಯರ ಪದ್ಧತಿಯಲ್ಲಿ ಇದಕ್ಕೆ ಅರ್ಧ ಉತ್ತರವಿತ್ತು. ಹಿಂಗಾರಿ ಬಿಳಿಜೋಳ ಕಾಳು ಕಟ್ಟುವುದು ಚಳಿ ಕಳೆಯುವ ಒಣ ಹವೆಯಲ್ಲಿ, ರಾಶಿಗೆ ಮಳೆಯ ಕಾಟ ಕಡಿಮೆ. ವಿಜಯಪುರದ ಎರೆಹೊಲದ ಮಾಲದಂಡಿ ಜೋಳಕ್ಕೆ ಬೂಷ್ಟಿನ ಬಾಧೆ ಅಷ್ಟಾಗಿ ತಗಲದಿರಲು ಇದೇ ದೊಡ್ಡ ಕಾರಣ. ಮುಂಗಾರಿ ಹೈಬ್ರಿಡ್ ತೆನೆ ಬಲಿಯುವಾಗ ಮಳೆಗೆ ಸಿಕ್ಕಿ ಕಪ್ಪಾಗುತ್ತದೆ. ಹಗೇವಿನ ಜಾಣ್ಮೆಯೂ ಕಡಿಮೆಯದ್ದಲ್ಲ. ನೆಲದೊಳಗೆ ಬಿಗಿಯಾಗಿ ಮುಚ್ಚಿದಾಗ ಕಾಳು ಉಸಿರಾಡಿ ಒಳಗಿನ ಆಮ್ಲಜನಕ ಮುಗಿಯುತ್ತದೆ, ಬೂಷ್ಟಿಗೂ ನುಸಿಗೂ ಉಸಿರಿಲ್ಲ. ಅದೇ ಕಾರಣಕ್ಕೆ ಬಾಯಿ ತೆರೆದ ಕೂಡಲೇ ಹಗೇವಿಗೆ ಇಳಿಯುವುದು ಜೀವಕ್ಕೆ ಅಪಾಯ. ಗೋಡೆಗುಂಟ ನೀರು ಜಿನುಗಿದ್ದರೆ ಅಂಚಿನ ಕಾಳು ಗಟ್ಟಿ ಹೆಂಟೆಯಾಗಿರುತ್ತದೆ. ಆ ಹೆಂಟೆ ಒಡೆದು ಒಳ್ಳೆಯ ಕಾಳಿಗೆ ಬೆರೆಸಬಾರದು. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಉಕ್ಕಿ ಮನೆಗಳಿಗೆ ನುಗ್ಗಿದಂಥ ನೆರೆಗೆ ಸಿಕ್ಕ ಧಾನ್ಯಕ್ಕೂ ಇದೇ ಮಾತು. ಮನಸ್ಸಿಗೆ ಎಷ್ಟೇ ಕಷ್ಟವಾದರೂ ಅದು ತಿನ್ನುವ ಪದಾರ್ಥವಲ್ಲ.

ಬೂಷ್ಟಿಗೆ ಬೇಕಾದದ್ದು ತೇವ, ಅದರಲ್ಲೂ ಕಾಳಿನ ಹಿಡಿತಕ್ಕೆ ಸಿಗದೆ ಬಿಡಿಯಾಗಿರುವ ತೇವ. ಜೋಳ, ಗೋಧಿ, ಗೋವಿನಜೋಳವನ್ನು ಶೇ 12ರ ತೇವಾಂಶಕ್ಕೆ ಇಳಿಸಿದರೆ, ಶೇಂಗಾ ಬೀಜವನ್ನು ಶೇ 7-8ಕ್ಕೆ ಇಳಿಸಿದರೆ ಅದು ತಲೆ ಎತ್ತಲಾರದು. ಹಲ್ಲಿಗೆ ಕಡಿದರೆ ಕಟಕ್ಕೆಂದು ಒಡೆಯಬೇಕು ಎಂಬ ಹಳೆಯ ಪರೀಕ್ಷೆ ಅಂದಾಜಿಗೆ ಸಾಕು. ವ್ಯಾಪಾರಕ್ಕೆ ಕೂಡಿಡುವವರು ತೇವ ಅಳೆಯುವ ಮೀಟರ್ ನೆಚ್ಚುವುದು ಒಳ್ಳೆಯದು. ಬೇಗ ಒಣಗಿಸುವುದೂ ಮುಖ್ಯ, ಹಸಿಯಾಗಿ ಗುಡ್ಡೆ ಹಾಕಿ ತಾಡಪತ್ರಿ ಮುಚ್ಚಿದ ಎರಡು ಮೂರು ದಿನದಲ್ಲೇ ಒಳಗೆ ಬಿಸಿಯೇರಿ ಕೆಲಸ ಕೆಡುತ್ತದೆ. ಚೀಲ ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆ ಮೇಲಿರಲಿ. ಖಡಕ್ ರೊಟ್ಟಿ ತಿಂಗಳುಗಟ್ಟಲೆ ಉಳಿಯುವುದು ತೇವವಿಲ್ಲದ್ದಕ್ಕೆ, ಆಷಾಢದ ಹಸಿ ಗಾಳಿಗೆ ಮೆತ್ತಗಾಗಿ ಚುಕ್ಕೆ ಬಿದ್ದದ್ದನ್ನು ಮತ್ತೆ ಹಂಚಿಗೆ ಹಾಕಿ ತಿನ್ನಬಾರದು.

ಆರಿಸಿ ತೆಗೆಯುವುದಕ್ಕೆ ಬಹಳ ಬೆಲೆಯಿದೆ. ವಿಷ ಚೀಲದ ತುಂಬ ಸಮನಾಗಿ ಹರಡಿರುವುದಿಲ್ಲ, ಕೆಲವೇ ಕಾಳುಗಳಲ್ಲಿ ತುಂಬಿಕೊಂಡಿರುತ್ತದೆ. ಶೇಂಗಾ ಹಿಂಡಿಗೆ ಹುರಿಯುವ ಮೊದಲು ಸುಕ್ಕಾದ, ಕಪ್ಪಿಟ್ಟ, ಕಹಿ ಬೀಜ ತೆಗೆದುಹಾಕಿದರೆ ಅಫ್ಲಾಟಾಕ್ಸಿನ್ನಿನ ದೊಡ್ಡ ಪಾಲು ಆಚೆ ಹೋಗುತ್ತದೆ. ಹುರಿದು ಬೆಳ್ಳುಳ್ಳಿ, ಖಾರ ಹಾಕಿ ಕುಟ್ಟಿದ ಮೇಲೆ ಆ ಕಹಿ ನಾಲಿಗೆಗೆ ಸಿಗುವುದಿಲ್ಲ.

ತಿಕೋಟಾ, ಬಬಲೇಶ್ವರ ಕಡೆಯ ಒಣದ್ರಾಕ್ಷಿ ಬೆಳೆಗಾರರು ಗಮನಿಸಬೇಕಾದ್ದು ಆಸ್ಪರ್ಜಿಲಸ್ ಕಾರ್ಬೊನೇರಿಯಸ್ ಎಂಬ ಕಪ್ಪು ಬೂಷ್ಟನ್ನು. ಅದರ ಬೀಜಕಣ ಇದ್ದಿಲಿನಷ್ಟು ಕಪ್ಪು, ಸುಡು ಬಿಸಿಲನ್ನೂ ತಾಳಿಕೊಳ್ಳುತ್ತದೆ. ಸಿಪ್ಪೆ ಬಿರಿದ ಹಣ್ಣಿನೊಳಗೆ ಹೊಕ್ಕು, ಹಣ್ಣು ಪೂರ್ತಿ ಒಣಗುವ ಮೊದಲಿನ ದಿನಗಳಲ್ಲಿ ಓಕ್ರಟಾಕ್ಸಿನ್ ತಯಾರಿಸುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಶೆಡ್ಡಿನ ರ‍್ಯಾಕಿನ ಮೇಲೆ ಹಣ್ಣಿರುವಾಗ ಬೀಳುವ ಅಕಾಲಿಕ ಮಳೆ ಎರಡು ಬಗೆಯಲ್ಲಿ ಕೆಡಿಸುತ್ತದೆ, ಸಿಪ್ಪೆಯೂ ಒಡೆಯುತ್ತದೆ, ಒಣಗುವುದೂ ತಡವಾಗುತ್ತದೆ. ಐರೋಪ್ಯ ಒಕ್ಕೂಟ ಒಣದ್ರಾಕ್ಷಿಗೆ ಕಿಲೋಗೆ 10 ಮೈಕ್ರೋಗ್ರಾಂ ಇದ್ದ ಮಿತಿಯನ್ನು 8ಕ್ಕೆ ಇಳಿಸಿದೆ. ಒಡೆದ, ನೆಲಕ್ಕೆ ಬಿದ್ದ ಹಣ್ಣನ್ನು ಬೇರೆ ಮಾಡುವ ಕೂಲಿ ಅಲ್ಲಿ ಖಂಡಿತ ವಸೂಲಾಗುತ್ತದೆ. ತಿನ್ನುವವರ ಕಡೆಯಿಂದ ನೋಡಿದರೆ ಹಿಡಿಯಷ್ಟು ದ್ರಾಕ್ಷಿಗಿಂತ ದಿನದ ರೊಟ್ಟಿಯೇ ದೊಡ್ಡ ಲೆಕ್ಕ.

ಉಳಿದದ್ದು, ಕೆಟ್ಟ ಚೀಲವನ್ನು ಏನು ಮಾಡುವುದು? "ದನಕ್ಕರ ಹಾಕೂಣು" ಎಂಬುದು ಮೊದಲು ಬಾಯಿಗೆ ಬರುವ ಮಾತು. ಎಮ್ಮೆ, ಆಕಳುಗಳ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ಓಕ್ರಟಾಕ್ಸಿನ್ನಿನಿಂದ ಫಿನೈಲಲನೀನ್ ತುಂಡನ್ನು ಕತ್ತರಿಸಿ ಅದರ ಹಲ್ಲು ಕೀಳುತ್ತವೆ ಎಂಬುದು ನಿಜ. ಅಫ್ಲಾಟಾಕ್ಸಿನ್ ವಿಷಯದಲ್ಲಿ ಆ ರಕ್ಷಣೆ ಇಲ್ಲ, ಅದು ಎಂ1 ಎಂಬ ರೂಪ ತಾಳಿ ಹಾಲಿಗೆ ಇಳಿಯುತ್ತದೆ, ಕಾಯಿಸಿದರೂ ಹೋಗುವುದಿಲ್ಲ. ಒಂದೇ ಚೀಲದಲ್ಲಿ ಎರಡೂ ಇರಬಹುದು, ಕಣ್ಣಿಗೆ ಯಾವುದೂ ಕಾಣುವುದಿಲ್ಲ. ಕೋಳಿಗೆ ಹಾಕಿದರೆ ಅದರ ಕಿಡ್ನಿಯೇ ಊದುತ್ತದೆ. ಹಾಗಾಗಿ ಅದು ತಿಪ್ಪೆಗೇ ಹೋಗಬೇಕು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಸುರಿದು, ಕೋಳಿ ಕೆದರದಂತೆ ಮೇಲೆ ಸಗಣಿ, ಮಣ್ಣು ಎಳೆಯಬೇಕು. ಚೀಲವನ್ನು ಮುಂದಿನ ರಾಶಿಗೆ ಬಳಸಬಾರದು.